ತಿರುಮಲೆಯ ಶಿಲಾತೋರಣವೂ ಅದರ ಸುತ್ತಣ ಅರಣ್ಯವೂ

ತಿರುಮಲೆಯ ಬೆಟ್ಟದ ಮೇಲೆ, ಶ್ರೀವೆಂಕಟೇಶ್ವರನ ದೇವಾಲಯಕ್ಕೆ ಉತ್ತರದಿಕ್ಕಿನಲ್ಲಿ ಸುಮಾರು ಒಂದು ಕಿಲೋಮೀಟರು ದೂರದಲ್ಲಿ, ಚಕ್ರತೀರ್ಥದ ಸಮೀಪದಲ್ಲಿ, ಎರಡು ಬಂಡೆಗಳನ್ನು ಮೇಲೆ ಕೂಡಿಸಿ ನಿಂತಿರುವ ಒಂದು ಕಲ್ಲಿನ ಕಮಾನುಂಟು. ಅದರ ಅಗಲವು ಸುಮಾರು ೮ ಮೀಟರು, ಎತ್ತರವು ಸುಮಾರು ೩ ಮೀಟರು. ಜನರು ಇದನ್ನು ಶಿಲಾತೋರಣವೆಂದು ಕರೆಯುವರು. ಗಾತ್ರವೊಂದನ್ನೇ ನೋಡಿದರೆ ಇದು ಅಲ್ಪವಾದ ವಸ್ತು. ದೇವಾಲಯದ ಮಹಾದ್ವಾರವನ್ನು ಕಂಡು ಬಂದ ಯಾತ್ರಿಕನಿಗೆ ಮೊದಲ ನೋಟದಲ್ಲಿ ದೊಡ್ಡದೆನಿಸಲಾರದು. ಆದರೂ ಭಾರತದ ಭೂವಿಜ್ಞಾನ ಸರ್ವೇಕ್ಷಣ ಸಂಸ್ಥೆಯು ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳ ಪಂಕ್ತಿಗೆ ಸೇರಿಸಿದೆ. ೧೯೮೦ರ ದಶಕದಲ್ಲಿ ಚಕ್ರತೀರ್ಥದ ಬಳಿಯ ಸ್ತರಭಂಗವೊಂದನ್ನು ಪರೀಕ್ಷಿಸಲು ಬಂದ ಭೂಶಾಸ್ತ್ರಜ್ಞರು ಇದನ್ನು 'ಕಂಡುಹಿಡಿದರು' ಎಂದು ಬರೆಯುವ ವಾಡಿಕೆಯುಂಟು. ತೀರ್ಥಸ್ನಾನಕ್ಕೆ ಹೋಗುವವರ ದಾರಿಯ ಮಗ್ಗುಲಲ್ಲೇ ಇದ್ದ ಕಲ್ಲನ್ನು ಕಂಡುಹಿಡಿದರೆನ್ನುವುದಕ್ಕಿಂತ, ಅದರ ಅರ್ಥವನ್ನು ಗುರುತಿಸಿದರೆನ್ನುವುದು ಉಚಿತವಾದ ಮಾತು.

ಈ ಕಲ್ಲಿನ ವಿಷಯದಲ್ಲಿ ಭಕ್ತರು ಹೇಳುವ ಮಾತೊಂದು, ಯಾತ್ರಿಕರ ಕೈಪಿಡಿಗಳು ಹೇಳುವ ಮಾತೊಂದು, ಶಾಸ್ತ್ರಜ್ಞರು ಹೇಳುವ ಮಾತೊಂದು. ಮೂರನ್ನೂ ಒಂದೇ ಪಾತ್ರೆಯಲ್ಲಿ ಕಲಸಿ ಬಡಿಸುವ ಪದ್ಧತಿಯು ಈಚೆಗೆ ಬೆಳೆದಿರುವುದರಿಂದ, ಶಾಲೆಗಳಲ್ಲಿ ಪಾಠಹೇಳುವವರೂ ಅದೇ ಕಲಸುಮಾತನ್ನು ವಿದ್ಯಾರ್ಥಿಗಳಿಗೆ ಒಪ್ಪಿಸುವಂತಾಗಿದೆ. ಆದಕಾರಣ ಮೊದಲು ಹೆಸರನ್ನೂ, ಬಳಿಕ ವಸ್ತುವನ್ನೂ, ಅದರ ಬಳಿಕ ವಸ್ತುವಿನ ಪರಿಸರವನ್ನೂ ಬೇರೆಬೇರೆಯಾಗಿ ವಿಚಾರಿಸುವುದು ಅವಶ್ಯಕವಾಗಿದೆ.

ತೋರಣಶಬ್ದಕ್ಕೆ ಹೊರಬಾಗಿಲು ಎಂಬ ಅರ್ಥವನ್ನು ಅಮರಕೋಶವು ಕೊಡುತ್ತದೆ. ಶಿಲ್ಪಶಾಸ್ತ್ರದ ಮಾನಸಾರವು ಪತ್ರತೋರಣ, ಪುಷ್ಪತೋರಣ, ರತ್ನತೋರಣ, ಚಿತ್ರತೋರಣ ಎಂಬ ಭೇದಗಳನ್ನು ಎಣಿಸುತ್ತದೆ. ಕನ್ನಡನಾಡಿನ ಮನೆಗಳಲ್ಲಿ ತೋರಣವೆಂದರೆ ಹಬ್ಬದ ದಿನ ಬಾಗಿಲಿಗೆ ಕಟ್ಟುವ ಮಾವಿನೆಲೆಯ ಸರ. ಕನ್ನಡದ 'ತೋರು' ಧಾತುವಿಗೂ ಈ ಶಬ್ದಕ್ಕೂ ಸಂಬಂಧವಿರುವಂತೆ ಕಿವಿಗೆ ಕೇಳಿಸಿದರೂ, ಸಂಸ್ಕೃತದಲ್ಲಿ ಪ್ರಾಚೀನಕಾಲದಿಂದ ರೂಢವಾಗಿರುವ ಶಬ್ದಕ್ಕೆ ಧ್ವನಿಸಾಮ್ಯವೊಂದನ್ನೇ ಹಿಡಿದು ವ್ಯುತ್ಪತ್ತಿ ಹೇಳುವುದು ಸಾಹಸವಾದೀತು. ಇಷ್ಟು ಅರ್ಥಗಳಲ್ಲಿಯೂ ಸಮಾನವಾದ ಒಂದಂಶವಿದೆ: ತೋರಣವು ಯಾರೋ ಕಟ್ಟಿದ್ದು. ಸಾಂಚಿಯ ತೋರಣಗಳನ್ನು ನೋಡಿದರೆ ಇದು ಸ್ಪಷ್ಟವಾಗುವುದು; ಅಲ್ಲಿ ಕಂಬಗಳನ್ನು ನೆಟ್ಟು ಮೇಲೆ ಅಡ್ಡತೊಲೆಗಳನ್ನು ಇಟ್ಟಿದ್ದಾರೆ, ಮರಗೆಲಸದ ಕ್ರಮವನ್ನು ಕಲ್ಲಿನಲ್ಲಿ ಅನುಸರಿಸಿದ್ದಾರೆ. ತಿರುಮಲೆಯ ತೋರಣದಲ್ಲಿ ಕೂಡಿಸಿದ್ದು ಯಾವುದೂ ಇಲ್ಲ. ಅಲ್ಲಿ ಇದ್ದುದು ಹೋಗಿ ಉಳಿದುದು ತೋರಣವಾಗಿದೆ. ಕಟ್ಟುವವನು ಕಲ್ಲಿಗೆ ಕಲ್ಲು ಸೇರಿಸಿ ಕಮಾನು ಮಾಡುವನು. ಪ್ರಕೃತಿಯು ಕಲ್ಲಿನಿಂದ ಕಲ್ಲು ತೆಗೆದು ಮಾಡುವುದು. ಹೆಸರು ಒಂದೇ ಆದುದರಿಂದ ಈ ಭೇದವು ಮರೆತುಹೋಗುತ್ತದೆ.

ಇನ್ನೊಂದು ಭೇದವನ್ನೂ ಇಲ್ಲಿಯೇ ಹೇಳಬಹುದು. ಹರಿಯುವ ಹೊಳೆಯು ಬಂಡೆಯನ್ನು ಕೊರೆದು ತನ್ನ ಮೇಲೆಯೇ ಉಳಿಸಿದ ಕಲ್ಲಿಗೆ ಭೂಶಾಸ್ತ್ರಜ್ಞರು ಸೇತುವೆಂಬ ಹೆಸರನ್ನೂ, ಮಳೆ, ಬಿಸಿಲು, ತೇವ, ಬಿರುಕು ಇವುಗಳ ಕೆಲಸದಿಂದ ತೂತಾದ ಕಲ್ಲಿಗೆ ತೋರಣ ಅಥವಾ ಕಮಾನು ಎಂಬ ಹೆಸರನ್ನೂ ಇಡುವರು. ಅಂಡಮಾನಿನ ನೀಲ್ ದ್ವೀಪದ ಕಡಲಂಚಿನಲ್ಲಿರುವ ಹವಳಗಲ್ಲಿನ ಕಮಾನನ್ನು ಪ್ರವಾಸಿಗಳು ಸೇತುವೆಂದು ಕರೆದರೂ ಅದನ್ನು ಕಡೆದುದು ಹೊಳೆಯಲ್ಲ, ಕಡಲಿನ ಅಲೆ. ಅಮೆರಿಕದ ಯೂಟಾ ಪ್ರಾಂತದ ಆರ್ಚಸ್ ಎಂಬ ರಾಷ್ಟ್ರೀಯ ಉದ್ಯಾನದಲ್ಲಿ ಎರಡು ಸಹಸ್ರಕ್ಕೂ ಮೇಲ್ಪಟ್ಟು ಇಂತಹ ತೋರಣಗಳನ್ನು ಎಣಿಸಿದ್ದಾರೆ. ಅಲ್ಲಿಯ ಗಣನೆಯಲ್ಲಿ ಸೇರಬೇಕಾದರೆ ತೂತು ಯಾವುದಾದರೊಂದು ದಿಕ್ಕಿನಲ್ಲಿ ಕನಿಷ್ಠಪಕ್ಷ ಮೂರು ಅಡಿಗಳಿರಬೇಕೆಂಬ ನಿಯಮವಿದೆ. ಅಷ್ಟು ಸಂಖ್ಯೆಯ ಎದುರಿಗೆ ತಿರುಮಲೆಯದು ಒಂಟಿ. ದಕ್ಷಿಣದೇಶದ ಗಟ್ಟಿ ಶಿಲೆಗಳಲ್ಲಿ ಇಂತಹ ತೋರಣವು ಅತಿವಿರಳವಾದುದೇ ಇದರ ಗೌರವಕ್ಕೆ ಕಾರಣ.

ಇನ್ನು ವಸ್ತುವಿನ ವಿಚಾರ. ತಿರುಪತಿಯಿಂದ ಬೆಟ್ಟವನ್ನು ಹತ್ತುವಾಗ ಕೆಳಗಿನ ಭಾಗದಲ್ಲಿ ಸಿಕ್ಕುವುದು ಗ್ರಾನೈಟಿನ ಜಾತಿಯ ಬಂಡೆ. ಇದು ಧಾರವಾಡದ ಹೆಸರಿನಿಂದ ಲೋಕದಲ್ಲೆಲ್ಲ ಪ್ರಸಿದ್ಧವಾಗಿರುವ ಪ್ರಾಚೀನ ಭೂಖಂಡದ ಪೂರ್ವಭಾಗಕ್ಕೆ ಸೇರಿದ್ದು. ಕನ್ನಡನಾಡಿನ ರಾಮನಗರದ ಬಂಡೆಗಳಿಗೆ ವಯಸ್ಸಿನಲ್ಲಿ ದಾಯಾದಿ, ಎಂದರೆ ಸುಮಾರು ೨೫೦ ಕೋಟಿ ವರ್ಷಗಳಷ್ಟು ಹಳೆಯದು. ಇದರ ಮೇಲೆ, ಗೋಡೆಯಂತೆ ಕಡಿದಾಗಿ ನಿಂತಿರುವ ಕೆಂಬಣ್ಣದ ಸ್ತರಗಳು ಕ್ವಾರ್ಟ್ಜೈಟ್ ಎಂಬ ಶಿಲೆಯವು. ಹಿಂದೆ ಸಮುದ್ರದ ಅಂಚಿನಲ್ಲಿ ಮರಳಾಗಿ ಬಿದ್ದು, ಒತ್ತಿ ಮರಳುಗಲ್ಲಾಗಿ, ಕಣಕಣಗಳ ನಡುವೆ ಬೆಣಚಿನ ಅಂಶವೇ ಅಂಟಾಗಿ ತುಂಬಿಕೊಂಡುದರಿಂದ ಅದು ಇಷ್ಟು ಗಟ್ಟಿಯಾಗಿದೆ. ಈ ಸ್ತರಗಳ ಮೇಲ್ಮೈಯಲ್ಲಿ ಅಲ್ಲಲ್ಲಿ ತೆರೆಯ ಗೆರೆಗಳು ಇಂದಿಗೂ ಕಾಣುತ್ತವೆ; ನಿನ್ನೆ ನೀರು ಇಳಿದುಹೋದ ಹೊಳೆಯ ಮರಳಿನಲ್ಲಿ ಕಾಣುವಂತಹವೇ. ಇವು ಬಿದ್ದ ಕಾಲವು ಸುಮಾರು ೧೬೦ ಕೋಟಿ ವರ್ಷಗಳ ಹಿಂದಿನದೆಂದು ಲೆಕ್ಕ. ಕಡಪಾ ಮತ್ತು ಕರ್ನೂಲು ಸೀಮೆಗಳ ಈ ಸ್ತರಗಳನ್ನು ಕ್ರಮವಾಗಿ ವರ್ಣಿಸಿದ ವಿಲಿಯಂ ಕಿಂಗ್ ಎಂಬ ಭೂಶಾಸ್ತ್ರಜ್ಞನ ಗ್ರಂಥವು ೧೮೭೨ರಲ್ಲಿ ಪ್ರಕಟವಾಯಿತು.

ಕೆಳಗಿನ ಬಂಡೆಗೂ ಮೇಲಿನ ಸ್ತರಕ್ಕೂ ನಡುವೆ ಕಾಣುವ ಗೆರೆಯೇ ಇಲ್ಲಿಯ ಪರಮಾಶ್ಚರ್ಯ. ಘಟ್ಟದ ದಾರಿಯಲ್ಲಿ ಬೆಟ್ಟವನ್ನು ಕಡಿದಿರುವ ಎಡೆಯಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಇದೂ ಒಂದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೇ. ಗೆರೆಯ ಕೆಳಗೆ ಒಂದು ಬೆರಳನ್ನೂ ಮೇಲೆ ಒಂದು ಬೆರಳನ್ನೂ ಇಟ್ಟರೆ ನಡುವೆ ಸುಮಾರು ೮೦ ಕೋಟಿ ವರ್ಷಗಳು, ಅಥವಾ ಅದಕ್ಕೂ ಹೆಚ್ಚು, ಜಾರಿಹೋಗಿವೆ. ಆ ಕಾಲದಲ್ಲಿ ಏನಾಯಿತೆಂಬುದಕ್ಕೆ ಈ ಬೆಟ್ಟದಲ್ಲಿ ಸಾಕ್ಷ್ಯವಿಲ್ಲ. ಸವೆದುಹೋದ ನೆಲದ ಮೇಲೆ ಹೊಸ ಮರಳು ಬಂದು ಕೂತಿದೆ, ಅಷ್ಟೆ. ಇದಕ್ಕೆ ಅಸಂಗತಿಯೆಂದು ಹೆಸರಿಟ್ಟರೆ ಅಲಂಕಾರಶಾಸ್ತ್ರದ ಅಸಂಗತಿಯೊಡನೆ ಗೊಂದಲವುಂಟಾಗುವುದು. ಇರಬೇಕಾದುದು ಕಾಣದಿರುವುದಕ್ಕೆ ಪಾಣಿನಿಯು ಲೋಪವೆಂಬ ಸಂಜ್ಞೆಯನ್ನು ಇಟ್ಟಿದ್ದಾನೆ. ಕನ್ನಡದ ಬಾಲಕರೂ ಲೋಪಸಂಧಿಯಿಂದ ಆ ಮಾತನ್ನು ಬಲ್ಲರು. ಆದುದರಿಂದ ಸ್ತರಲೋಪವೆಂದರೆ ಅರ್ಥವೂ ಸ್ಪಷ್ಟ, ಶಬ್ದವೂ ಪರಿಚಿತ. ಪುರಾಣಗಳ ಲೆಕ್ಕದಲ್ಲಿ ಒಂದು ಮನ್ವಂತರಕ್ಕೆ ೩೦,೬೭,೨೦,೦೦೦ ವರ್ಷಗಳಾದುದರಿಂದ, ಈ ಲೋಪವು ಎರಡೂವರೆ ಮನ್ವಂತರಗಳಿಗೂ ಮೀರಿದ್ದು. ಹೀಗೆ ಹೋಲಿಸುವುದು ಸಂಖ್ಯೆಯ ದೊಡ್ಡತನವನ್ನು ಮನಸ್ಸಿಗೆ ತರುವುದಕ್ಕೆ ಮಾತ್ರ. ಒಂದು ಗಣನೆಯಿಂದ ಇನ್ನೊಂದನ್ನು ಸಾಧಿಸುವುದಕ್ಕಲ್ಲ. ಹಾಗೆ ಸಾಧಿಸಹೊರಡುವವರಿಂದ ಎರಡು ಶಾಸ್ತ್ರಗಳಿಗೂ ಅಪಚಾರವಾಗುತ್ತದೆ.

ಯಾತ್ರಿಕರ ಕೈಪಿಡಿಗಳು ಎಡವುವುದು ಇಲ್ಲಿಯೇ. ಈ ತೋರಣವು ನೂರೈವತ್ತು ಕೋಟಿ ವರ್ಷಗಳಷ್ಟು ಹಳೆಯದೆಂದು ಕೆಲವು, ಇನ್ನೂರೈವತ್ತು ಕೋಟಿಯೆಂದು ಕೆಲವು ಬರೆಯುತ್ತವೆ. ಇವು ಕಲ್ಲಿನ ವಯಸ್ಸುಗಳೇ ಹೊರತು ತೋರಣದವಲ್ಲ. ಮಣ್ಣಿನ ವಯಸ್ಸನ್ನು ಮಡಕೆಗೆ ಆರೋಪಿಸುವ ದೋಷವಿದು. ಮಡಕೆಯ ದೃಷ್ಟಾಂತವೂ ಇಲ್ಲಿ ಪೂರ್ತಿ ಸಾಲದು. ಏಕೆಂದರೆ ಮಡಕೆಯಲ್ಲಿ ಹೊಸದೊಂದು ದ್ರವ್ಯವು ಹುಟ್ಟಿತು, ತೋರಣದಲ್ಲಿ ಹುಟ್ಟಿದುದು ಒಂದು ಅಭಾವ. ನೈಯಾಯಿಕರು ಪ್ರಧ್ವಂಸಾಭಾವವೆಂದು ಕರೆಯುವ ಅಭಾವಕ್ಕೆ ಆದಿಯುಂಟು, ಅಂತವಿಲ್ಲ. ಕಲ್ಲಿನ ನಡುವಣ ಭಾಗವು ನಾಶವಾದ ಕ್ಷಣದಿಂದ ತೋರಣದ ಆಯುಸ್ಸನ್ನು ಎಣಿಸಬೇಕು. ಆ ಕ್ಷಣವು ಶಿಲೆಯ ಆಯುಸ್ಸಿಗೆ ಹೋಲಿಸಿದರೆ ತೀರ ಈಚಿನದು. ಆದರೆ ನೈಯಾಯಿಕರ ಅಂತವಿಲ್ಲದ ಅಭಾವವನ್ನು ನೆಚ್ಚಿ ತೋರಣವೂ ಅನಂತವೆಂದು ತಿಳಿಯಬಾರದು. ತೂತಿನ ಮೇಲಿನ ಕಲ್ಲೂ ಬಿದ್ದರೆ ಅಭಾವವೇನೋ ಉಳಿಯುವುದು, ತೋರಣವು ಉಳಿಯದು.

ತೋರಣವು ಹೇಗೆ ಆಯಿತೆಂಬುದರ ಮುಖ್ಯಾಂಶವು ಸರಳವಾಗಿದೆ. ಕ್ವಾರ್ಟ್ಜೈಟು ಎಷ್ಟೇ ಗಟ್ಟಿಯಾದರೂ ಅದರಲ್ಲಿ ಸ್ತರಗಳ ಸಂದುಗಳೂ, ಅವುಗಳಿಗೆ ಅಡ್ಡಲಾಗಿ ನೇರವಾದ ಸೀಳುಗಳೂ ಇರುತ್ತವೆ. ಮಳೆಯ ನೀರು ಆ ಸೀಳುಗಳಲ್ಲಿ ಇಳಿದು, ಬೇರುಗಳು ಹೊಕ್ಕು, ಹಗಲಿನ ಕಾವಿಗೆ ಹಿಗ್ಗಿ ಇರುಳಿನ ತಂಪಿಗೆ ಕುಗ್ಗಿ, ಇಟ್ಟಿಗೆಯಂತೆ ಒಂದೊಂದು ತುಂಡು ಸಡಿಲವಾಗಿ ಕೆಳಕ್ಕೆ ಬೀಳುತ್ತದೆ. ಕೆಳಗಿನ ದುರ್ಬಲಭಾಗವು ಮೊದಲು ಹೋಗಿ, ಮೇಲಿನ ದೃಢವಾದ ಸ್ತರವು ಎರಡು ಕಡೆಗಳಲ್ಲಿಯೂ ಆಧಾರ ದೊರೆತು ಉಳಿದರೆ ತೋರಣವಾಗುವುದು. ೨೦೧೪ರಲ್ಲಿ ಜೆಕ್ ದೇಶದ ಯಿರಿ ಬ್ರುತಾನ್ಸ್ ಎಂಬವರೂ ಅವರ ಸಂಗಡಿಗರೂ ಪ್ರಕಟಿಸಿದ ಪ್ರಯೋಗಗಳಿಂದ ಇನ್ನೊಂದು ಸೂಕ್ಷ್ಮವು ತಿಳಿದುಬಂದಿದೆ. ಮರಳುಗಲ್ಲಿನಲ್ಲಿ ಭಾರವನ್ನು ಹೊತ್ತಿರುವ ಭಾಗದ ಕಣಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಳ್ಳುವುದರಿಂದ ಆ ಭಾಗವು ನಿಧಾನವಾಗಿ ಸವೆಯುತ್ತದೆ. ಭಾರವಿಲ್ಲದ ಭಾಗವು ಬೇಗ ಸವೆಯುತ್ತದೆ. ಹೊರೆ ಹೊರುವವನು ಉಳಿದು, ಸುಮ್ಮನೆ ನಿಂತವನು ಹೋಗುವ ಈ ಕ್ರಮದಿಂದಲೇ ಕಂಬಗಳೂ ಕಮಾನುಗಳೂ ತಾವಾಗಿ ರೂಪುಗೊಳ್ಳುತ್ತವೆಂದು ಅವರ ಸಿದ್ಧಾಂತ. ಇದು ಸಡಿಲವಾದ ಮರಳುಗಲ್ಲಿನಲ್ಲಿ ಸಿದ್ಧವಾದ ಮಾತು. ಕಣಗಳು ಒಂದಾಗಿ ಬೆಸೆದಿರುವ ತಿರುಮಲೆಯ ಶಿಲೆಗೆ ಇದನ್ನು ಹಾಗೆಯೇ ಅನ್ವಯಿಸುವುದು ಸರಿಯಾಗದು. ಇಲ್ಲಿ ಕಣಕ್ಕಿಂತ ಸೀಳಿನದೇ ಅಧಿಕಾರ.

ಭಕ್ತರ ಮಾತೇನೆಂದರೆ, ಭಗವಂತನು ವೈಕುಂಠದಿಂದ ಇಳಿದಾಗ ಮೊದಲ ಹೆಜ್ಜೆಯನ್ನು ನಾರಾಯಣಗಿರಿಯ ಶ್ರೀಪಾದಸ್ಥಾನದಲ್ಲಿಯೂ, ಎರಡನೆಯದನ್ನು ಶಿಲಾತೋರಣದ ಎಡೆಯಲ್ಲಿಯೂ, ಮೂರನೆಯದನ್ನು ಈಗಿನ ದೇವಾಲಯದಲ್ಲಿಯೂ ಇಟ್ಟನೆಂಬುದು. ಗರ್ಭಗೃಹದ ಮೂರ್ತಿಯ ಎತ್ತರವೂ ತೋರಣದ ಎತ್ತರವೂ ಸಮವೆಂದು ಹೇಳುವರು. ಬಂಡೆಯಲ್ಲಿ ಶಂಖಚಕ್ರಗಳನ್ನೂ ಸರ್ಪದ ಹೆಡೆಯನ್ನೂ ತೋರಿಸುವರು. ಇದು ಕ್ಷೇತ್ರದ ಭಾವ. ಇದನ್ನು ಅಳತೆಯ ದಾರದಿಂದ ಖಂಡಿಸುವುದೂ, ಇದಕ್ಕೆ ಭೂಶಾಸ್ತ್ರದ ಮುದ್ರೆಯನ್ನು ಬೇಡುವುದೂ ಎರಡೂ ಅನುಚಿತ. ಈ ಭಾವದಿಂದ ಕಲ್ಲಿಗೆ ಆಗಿರುವ ಉಪಕಾರವನ್ನು ಮಾತ್ರ ಮರೆಯಲಾಗದು. ಪವಿತ್ರವೆಂದು ತಿಳಿದ ಕಲ್ಲಿನ ಮೇಲೆ ಹತ್ತಲು ಜನರು ಹಿಂಜರಿಯುವರು. ಯೂಟಾ ಪ್ರಾಂತದಲ್ಲಿಯೇ ಇರುವ ರೈನ್‌ಬೋ ಬ್ರಿಡ್ಜ್ ಎಂಬ ಮಹಾಸೇತುವನ್ನು ನವಾಹೋ ಮೊದಲಾದ ಮೂಲನಿವಾಸಿಗಳು ಪೂಜ್ಯವೆಂದು ಭಾವಿಸುವುದರಿಂದ, ಅದರ ಅಡಿಯಲ್ಲಿ ನಡೆಯಬಾರದೆಂದು ಅಲ್ಲಿಯ ಅಧಿಕಾರಿಗಳು ಸಂದರ್ಶಕರನ್ನು ಕೇಳಿಕೊಳ್ಳುತ್ತಾರೆ. ತಿರುಮಲೆಯಲ್ಲಿ ತೋರಣದ ಸುತ್ತ ಬೇಲಿಯುಂಟು, ಎದುರಿಗೆ ಹೂದೋಟವುಂಟು. ಹೂದೋಟವು ಕಣ್ಣಿಗೆ ಹಿತವೇ ಆದರೂ, ಸಹಜವಾದ ಬಂಡೆಯ ನೆಲದಿಂದ ತೋರಣವನ್ನು ಬೇರ್ಪಡಿಸಿ ಅದನ್ನು ಒಂದು ಅಲಂಕಾರದ ಸಾಮಾನಿನಂತೆ ಮಾಡಿಬಿಟ್ಟಿದೆ.

ಕಾವಲು ಬೇಕೆಂಬುದಕ್ಕೆ ಬೇರೆ ದೇಶಗಳ ವೃತ್ತಾಂತವೇ ಸಾಕು. ಯೂಟಾದ ವಾಲ್ ಆರ್ಚ್ ಎಂಬ ತೋರಣವು ೨೦೦೮ರ ಆಗಸ್ಟಿನ ಒಂದು ರಾತ್ರಿ ತಾನಾಗಿ ಕುಸಿದುಬಿತ್ತು; ನೋಡಿದವರಿಲ್ಲ. ಮಾಲ್ಟಾ ದೇಶದ ಕಡಲತಡಿಯ ಅಜೂರ್ ವಿಂಡೋ ೨೦೧೭ರ ಮಾರ್ಚಿ ೮ರಂದು ಬಿರುಗಾಳಿಯಲ್ಲಿ ನೀರುಪಾಲಾಯಿತು. ಗಲಾಪಗೋಸ್ ದ್ವೀಪಗಳ ಡಾರ್ವಿನ್ ತೋರಣದ ನೆತ್ತಿಯು ೨೦೨೧ರ ಮೇ ತಿಂಗಳಿನಲ್ಲಿ ಬಿದ್ದು, ಎರಡು ಕಂಬಗಳು ಉಳಿದಿವೆ.

ತೋರಣವನ್ನು ಸುತ್ತಿರುವ ಅರಣ್ಯವು ತೋರಣಕ್ಕಿಂತಲೂ ವಿಸ್ತಾರವಾದ ವಿಷಯ. ೧೯೮೯ರಲ್ಲಿ ಇಲ್ಲಿ ಶ್ರೀವೆಂಕಟೇಶ್ವರ ರಾಷ್ಟ್ರೀಯ ಉದ್ಯಾನವು ಏರ್ಪಟ್ಟಿತು; ೨೦೧೦ರಲ್ಲಿ ಶೇಷಾಚಲದ ಸುಮಾರು ೪,೭೫೬ ಚದರ ಕಿಲೋಮೀಟರು ಪ್ರದೇಶವನ್ನು ಜೀವಗೋಳ ರಕ್ಷಿತಪ್ರದೇಶವೆಂದು ಸಾರಲಾಯಿತು. ಕಡಿದಾದ ಕ್ವಾರ್ಟ್ಜೈಟಿನ ಗೋಡೆಗಳು, ಅವುಗಳ ಬುಡದಲ್ಲಿ ಸದಾ ತಣ್ಣಗಿರುವ ಕೋಡುಗಲ್ಲ ಸಂದುಗಳು, ಮೇಲೆ ಬಿಸಿಲಿಗೆ ಒಣಗಿದ ಕುರುಚಲು. ಒಂದು ಕೂಗಳತೆಯಲ್ಲಿ ಎರಡು ಋತುಗಳು ಇದ್ದಂತೆ. ಆದುದರಿಂದಲೇ ಇಲ್ಲಿ ಬೇರೆಡೆಯಲ್ಲಿ ಸಿಕ್ಕದ ಪ್ರಾಣಿಗಳೂ ಸಸ್ಯಗಳೂ ನೆಲಸಿವೆ.

ಅವುಗಳಲ್ಲಿ ಮೊದಲು ಹೇಳಬೇಕಾದುದು ಬಂಗಾರದ ಹಲ್ಲಿ. ತೆಲುಗಿನವರು ಬಂಗಾರುಬಲ್ಲಿ ಎನ್ನುವರು. ೧೮೭೦ರಲ್ಲಿ ಬೆಡ್ಡೋಂ ಎಂಬ ಆಂಗ್ಲ ವಿದ್ವಾಂಸನು ತಿರುಪತಿಯ ಬೆಟ್ಟಗಳಿಂದ ಇದನ್ನು ಲೋಕಕ್ಕೆ ಪರಿಚಯ ಮಾಡಿಸಿದನು. ಆಮೇಲೆ ಬಹುಕಾಲ ಇದು ಶಾಸ್ತ್ರಜ್ಞರ ಕಣ್ಣಿಗೆ ಬೀಳದೆ ಇದ್ದು, ೧೯೮೦ರ ದಶಕದಲ್ಲಿ ತಿರುಮಲೆಯಲ್ಲಿಯೇ ಮತ್ತೆ ಕಾಣಿಸಿಕೊಂಡಿತು. ತೋರಣಕ್ಕೆ ಶಾಸ್ತ್ರಲೋಕದಲ್ಲಿ ಹೆಸರು ಬಂದುದೂ ಅದೇ ದಶಕವೆಂಬುದು ಕಾಕತಾಳೀಯ. ಗಂಡಿಗೆ ಮಾತ್ರ ಹೊನ್ನಿನ ಬಣ್ಣ. ಹೆಣ್ಣೂ ಮರಿಗಳೂ ಕಂದು. ಬಂಡೆಯ ತಂಪಾದ ಸೀಳುಗಳಲ್ಲಿ ವಾಸ; ಅನೇಕ ಹೆಣ್ಣುಗಳು ಒಂದೇ ಎಡೆಯ ಕಲ್ಲಿಗೆ ಮೊಟ್ಟೆಗಳನ್ನು ಅಂಟಿಸಿ ಇಡುತ್ತವೆ. ಕಲ್ಲಿನ ಸೀಳು ತೋರಣಕ್ಕೆ ಮೂಲವಾದಂತೆಯೇ ಈ ಜೀವಿಗೂ ಮನೆಯಾಗಿದೆ. ಕಂಚಿಯ ವರದರಾಜಸ್ವಾಮಿಯ ಗುಡಿಯಲ್ಲಿ ಬಂಗಾರದ ಹಲ್ಲಿಯನ್ನು ಮುಟ್ಟಲು ಸಾಲುನಿಲ್ಲುವ ಯಾತ್ರಿಕರು, ತಿರುಮಲೆಯಲ್ಲಿ ಜೀವವುಳ್ಳ ಬಂಗಾರದ ಹಲ್ಲಿಯ ಪಕ್ಕದಲ್ಲೇ ತಿಳಿಯದೆ ನಡೆದುಹೋಗುತ್ತಾರೆ.

ಕಾಡುಪಾಪವು ಇಲ್ಲಿಯ ಇರುಳಿನ ಜೀವಿ. ತೆಲುಗಿನಲ್ಲಿ ಇದಕ್ಕೆ ದೇವಾಂಗಪಿಲ್ಲಿ ಎಂದು ಹೆಸರು. ಕೆಂದಳಿಲೂ ಉಂಟು. ಹಳದಿ ಕೊರಳಿನ ಪಿಕಳಾರವು ಬಂಡೆಗಳೂ ಕುರುಚಲೂ ಕೂಡಿದ ದಕ್ಷಿಣದೇಶದ ಬೆಟ್ಟಗಳಲ್ಲಿ ಮಾತ್ರ ಬದುಕುವ ಹಕ್ಕಿ. ನಂದಿಬೆಟ್ಟದಲ್ಲಿ ಇದನ್ನು ಕಂಡ ಕನ್ನಡಿಗರು ಇಲ್ಲಿಯೂ ಇದರ ದನಿಯನ್ನು ಗುರುತಿಸಬಹುದು. ಚಿರತೆಗಳಿವೆ. ೨೦೨೩ರ ಆಗಸ್ಟಿನಲ್ಲಿ ಅಲಿಪಿರಿಯ ಮೆಟ್ಟಿಲದಾರಿಯಲ್ಲಿ ಒಂದು ಮಗುವು ಚಿರತೆಗೆ ಬಲಿಯಾಯಿತು. ಆ ಬಳಿಕ ನಡೆದುಹೋಗುವ ಯಾತ್ರಿಕರ ಕೈಗೆ ಕೋಲು ಕೊಡುವ ಏರ್ಪಾಟಾಯಿತು. ದಿನವೊಂದಕ್ಕೆ ಐವತ್ತು ಸಹಸ್ರಕ್ಕೂ ಮೇಲ್ಪಟ್ಟ ಜನರು ಸೇರುವ ಕ್ಷೇತ್ರಕ್ಕೂ ಅದನ್ನು ನಾಲ್ಕು ಕಡೆಯಿಂದಲೂ ಸುತ್ತಿರುವ ಕಾಡಿಗೂ ನಡುವಿನ ಗಡಿಯು ಎಷ್ಟು ತೆಳುವೆಂಬುದು ಆ ದಿನ ಎಲ್ಲರಿಗೂ ತಿಳಿಯಿತು.

ಸಸ್ಯಗಳಲ್ಲಿ ಬೆಡ್ಡೋಂನ ಹೆಸರನ್ನೇ ಹೊತ್ತ ಸೈಕಾಸ್ ಎಂಬ ಗಿಡವು ಈಚಲಿನಂತೆ ಕಂಡರೂ ಈಚಲಿನ ಕುಲವಲ್ಲ. ಹೂವುಳ್ಳ ಗಿಡಗಳು ಹುಟ್ಟುವುದಕ್ಕೆ ಮುಂಚಿನ ವಂಶಕ್ಕೆ ಸೇರಿದ್ದು. ತಿರುಪತಿ ಮತ್ತು ಕಡಪೆಯ ಬೆಟ್ಟಗಳನ್ನು ಬಿಟ್ಟರೆ ಇದು ಬೇರೆಲ್ಲಿಯೂ ತಾನಾಗಿ ಬೆಳೆಯದು. ಆದರೆ ಈ ಅರಣ್ಯಕ್ಕೆ ಕೀರ್ತಿಯನ್ನೂ ಕಷ್ಟವನ್ನೂ ತಂದುದು ರಕ್ತಚಂದನ. ಇದಕ್ಕೆ ಶ್ರೀಗಂಧದ ಪರಿಮಳವಿಲ್ಲ. ಕೋಶಕಾರನು ಇದರ ಪರ್ಯಾಯಗಳಲ್ಲಿ ರಂಜನ, ಕುಚಂದನ ಎಂಬ ಹೆಸರುಗಳನ್ನು ಸೇರಿಸಿರುವುದು ಸಾರ್ಥಕವಾಗಿದೆ. ಬಣ್ಣ ಕೊಡುವುದರಿಂದ ರಂಜನ, ಗಂಧಹೀನವಾದುದರಿಂದ ಕುಚಂದನ. ಕಾವ್ಯಪಾಠ ಹೇಳುವವರು ಚಂದನವೆಂದ ಕಡೆಯಲ್ಲೆಲ್ಲ ಎರಡನ್ನೂ ಒಂದೆಂದು ತಿಳಿಯಬಾರದು. ಈ ಮರವು ಸಹಜವಾಗಿ ಬೆಳೆಯುವುದು ಆಂಧ್ರದ ದಕ್ಷಿಣಭಾಗದ ಈ ಬೆಟ್ಟಗಳಲ್ಲಿಯೇ ಮುಖ್ಯವಾಗಿ; ಕಲ್ಲುನೆಲದಲ್ಲಿ ಬಹು ಮೆಲ್ಲಗೆ ಬೆಳೆದು ಅದರ ಚೇಗು ಕೆಂಪೇರುತ್ತದೆ. ೧೯೯೫ರಿಂದ ಇದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಟ್ಟುಪಾಡುಗಳಿದ್ದರೂ ಹೊರದೇಶಗಳ ಬೆಲೆಯ ಆಸೆಯಿಂದ ಕಳ್ಳಸಾಗಣೆಯು ನಿಲ್ಲಲಿಲ್ಲ. ೨೦೧೫ರ ಏಪ್ರಿಲ್ ೭ರಂದು ಶೇಷಾಚಲದ ಕಾಡಿನಲ್ಲಿ ಪೊಲೀಸರ ಗುಂಡಿಗೆ ಇಪ್ಪತ್ತು ಮಂದಿ ಸತ್ತರು. ಸತ್ತವರು ಕೂಲಿಗೆ ಮರ ಕಡಿಯಲು ಬಂದವರೆಂದು ಹೇಳಲಾದ ತಮಿಳುನಾಡಿನ ಬಡವರು. ಕೊಳ್ಳುವವರೂ ಕೊಳ್ಳಿಸುವವರೂ ಆ ಕಾಡಿನಲ್ಲಿರಲಿಲ್ಲ.

ತೋರಣವನ್ನು ನೋಡಹೋಗುವವರಿಗೆ ಕ್ರಮವೊಂದನ್ನು ಸೂಚಿಸಬಹುದು. ಮೊದಲು ಘಟ್ಟದ ದಾರಿಯಲ್ಲಿ ಸ್ತರಲೋಪದ ಗೆರೆಯನ್ನು ನೋಡಬೇಕು. ವಾಹನದ ವೇಗದಲ್ಲಿ ಇದು ಕಣ್ತಪ್ಪಿಹೋಗುವುದರಿಂದ ಮುಂಚಿತವಾಗಿಯೇ ತಿಳಿದಿರಬೇಕು. ಬೆಟ್ಟದ ಮೇಲೆ, ಬಿಸಿಲೇರುವುದರೊಳಗೆ ತೋರಣದ ಎದುರಿಗೆ ನಿಂತರೆ ಓರೆಯಾದ ಬೆಳಕಿನಲ್ಲಿ ಸ್ತರದ ಸಂದುಗಳೂ ಅಡ್ಡಸೀಳುಗಳೂ ಬೇರೆಬೇರೆಯಾಗಿ ಕಾಣುವುವು. ಯಾವ ತುಂಡು ಹೋದುದರಿಂದ ಬಾಗಿಲಾಯಿತೆಂಬುದನ್ನೂ, ಮುಂದೆ ಯಾವುದು ಹೋಗಲಿದೆಯೆಂಬುದನ್ನೂ ವಿದ್ಯಾರ್ಥಿಯೇ ಊಹಿಸಬಲ್ಲನು. ಅಲ್ಲಿಂದ ಚಕ್ರತೀರ್ಥದ ಕಡೆಗೆ ಇಳಿದರೆ ಬಂಡೆಯ ನೆರಳು ದಟ್ಟವಾಗುತ್ತದೆ, ಕಲ್ಲು ಕೈಗೆ ತಣ್ಣಗಿರುತ್ತದೆ. ಜನಸಂದಣಿಯ ಸದ್ದು ಅಲ್ಲಿಗೆ ಕಡಮೆ. ಮಳೆಗಾಲ ಕಳೆದ ತಿಂಗಳುಗಳಲ್ಲಿ ನೀರಿನ ದನಿಯೊಂದೇ ಕೇಳುವುದು.